ಹಾಲು ಅಳೆಯುವವನ ಹೊಟ್ಟೆ

ನಮ್ಮ ಡೇರಿಗೆ ಹಾಲು ಹಾಕುವವರಲ್ಲಿ ಅರ್ಧ ಜನ ನನ್ನನ್ನು ಬಯ್ಯುತ್ತಾರೆ. ಪಾಯಿಂಟ್ ಬಿಡುವುದಿಲ್ಲ ಎಂಬುದೇ ಅವರ ದೂರು. ಫ್ಯಾಟ್ 3.5 ಬರಬೇಕಾದ ಕಡೆ ಯಂತ್ರ 3.4 ತೋರಿಸಿದರೆ ನಾನು 3.4 ಎಂದೇ ಬರೆಯುತ್ತೇನೆ. ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಬರದ ಹಾಲನ್ನು ಕ್ಯಾನಿಗೆ ಸುರಿಯದೆ ವಾಪಸ್ ಕೊಡುತ್ತೇನೆ, ನಮ್ಮ ದಾಯಾದಿಯ ಹಾಲಾದರೂ ಅಷ್ಟೇ. ತೂಬಗೆರೆ ಹೋಬಳಿಯ ಒಂದು ಹಾಲು ಉತ್ಪಾದಕರ ಸಂಘದಲ್ಲಿ 19 ವರ್ಷದಿಂದ ಸೆಕ್ರೆಟರಿ ನಾನು. ಹೀಗೆ ಊರವರ ಹಾಲಿನ ಕೊಬ್ಬನ್ನು ದಿನಕ್ಕೆರಡು ಸಲ ಅಳೆದು ಬರೆಯುವವನು, ನನ್ನ ತಟ್ಟೆಗೆ ಎಷ್ಟು ಬೀಳುತ್ತಿದೆ ಎಂದು ಒಂದು ದಿನವೂ ಅಳೆಯದೆ ಎರಡು ವರ್ಷ ಕೆಟ್ಟೆ. ಕೆಟ್ಟವನು ನಾನೊಬ್ಬನೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ.

ತೂಕ ಏರಿದ್ದಕ್ಕೆ ದೊಡ್ಡ ಕಥೆಯಿಲ್ಲ. ಅಪ್ಪ ಹೊಲ ಉತ್ತವರು. ನಾನು ಕುರ್ಚಿಗೆ ಬಂದೆ, ತಟ್ಟೆ ಮಾತ್ರ ಹೊಲದಲ್ಲೇ ಉಳಿಯಿತು. ಒಂದು ದಿನ ಗೋಡೌನಿನಲ್ಲಿ ಪಶು ಆಹಾರದ ಮೂಟೆ ತೂಗುತ್ತಿದ್ದಾಗ ಹುಡುಗರು ತಮಾಷೆಗೆ ನನ್ನನ್ನೂ ತಕ್ಕಡಿ ಹತ್ತಿಸಿದರು. 79 ಕೆ.ಜಿ. ನನ್ನ ಎತ್ತರ 168 ಸೆಂಟಿಮೀಟರ್. ಎತ್ತರಕ್ಕೂ ತೂಕಕ್ಕೂ ತಾಳೆ ಹಾಕುವ ಬಿಎಂಐ ಲೆಕ್ಕದಲ್ಲಿ ಇದು 28. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಗೆರೆ ಹಾಕಿದ್ದಾರೆ. ಪಶ್ಚಿಮದವರಿಗೆ ಇಟ್ಟ 25 ಮತ್ತು 30ರ ಗೆರೆ ನಮಗೆ ಹೊಂದುವುದಿಲ್ಲ, ಏಕೆಂದರೆ ಅವರಿಗಿಂತ ಕಡಿಮೆ ತೂಕಕ್ಕೇ ನಮ್ಮ ಹೊಟ್ಟೆಯ ಸುತ್ತ ಕೊಬ್ಬು ಕೂತು ಸಕ್ಕರೆ ಕಾಯಿಲೆ ಬಾಗಿಲು ತಟ್ಟುತ್ತದೆ. ನನಗೂ ತಟ್ಟಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಬಂತು. 5.7ರಿಂದ 6.4ರವರೆಗೆ ಬಂದರೆ ಕಾಯಿಲೆಯ ಹೊಸ್ತಿಲು, 6.5 ಬಂದರೆ ಮನೆಯ ಒಳಗೆ.

ಡಾಕ್ಟರಮ್ಮ ಹೇಳಿದ್ದು ಇಷ್ಟೇ: "ಐದಾರು ಕೆಜಿ ಇಳಿಸಿ. ಈಗ ತಿನ್ನೋದಕ್ಕಿಂತ ಸ್ವಲ್ಪ ಕಡಿಮೆ ತಿನ್ನಿ, ದಿನಾ ನಡೀರಿ." ಮಾತ್ರೆ ಬರೆಯಲಿಲ್ಲ, ಚೀಟಿ ಕೊಡಲಿಲ್ಲ. ಇಷ್ಟು ಸಣ್ಣ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ನಾನಂತೂ ಕೊಡಲಿಲ್ಲ. ನನಗೆ ಬೇಕಿದ್ದದ್ದು ಒಂದು ಉಪಾಯ.

ಉಪಾಯ ಕೊಟ್ಟವನು ಅಕ್ಕನ ಮಗ. ಅಕ್ಕನನ್ನು ಕೊಟ್ಟಿರುವುದು ದೊಡ್ಡಬಳ್ಳಾಪುರಕ್ಕೆ, ಮನೆಯಲ್ಲಿ ನಾಲ್ಕು ಮಗ್ಗ. ಹುಡುಗ ಮಗ್ಗದ ಸದ್ದಿನಿಂದ ತಪ್ಪಿಸಿಕೊಂಡು ಜಿಮ್ಮಿನಲ್ಲಿ ಇರುತ್ತಿದ್ದ. "ಮಾವ, ಮೂರು ಸಲ ಹೊಟ್ಟೆ ತುಂಬಾ ತಿನ್ನೋದೇ ತಪ್ಪು. ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಒಲೆಗೆ ಸೌದೆ ಹಾಕ್ತಾ ಇದ್ರೆ ತಾನೆ ಉರಿಯೋದು? ಹೊಟ್ಟೆನೂ ಹಂಗೇ" ಅಂದ.

ನನಗೆ ಅದು ಎಷ್ಟು ಬೇಗ ಹಿಡಿಸಿತೆಂದರೆ, ಅವನು ಹೇಳುವುದಕ್ಕೆ ಮುಂಚೆಯೇ ನನಗೆ ಗೊತ್ತಿತ್ತೇನೋ ಅನ್ನಿಸಿತು. ಗೊತ್ತೂ ಇತ್ತು. ನಮ್ಮ ಸಂಘದಲ್ಲಿ ರೈತರಿಗೆ ನಾನು ಸದಾ ಹೇಳುವ ಪಾಠವೇ ಅದು: ಕರೆಯುವ ಹಸುವಿಗೆ ಪಶು ಆಹಾರವನ್ನು ಒಂದೇ ಸಲ ಸುರಿಯಬೇಡಿ, ಎರಡು ಮೂರು ಸಲ ಹಂಚಿ ಕೊಡಿ. ಒಂದೇ ಸಲ ತಿಂದರೆ ಹೊಟ್ಟೆ ಹುಳಿಯಾಗುತ್ತದೆ, ಮೆಲುಕು ನಿಲ್ಲುತ್ತದೆ, ಫ್ಯಾಟ್ ಇಳಿಯುತ್ತದೆ. ಹಸುವಿಗೆ ಸರಿಯಾದದ್ದು ಸೆಕ್ರೆಟರಿಗೆ ತಪ್ಪಾಗುತ್ತದೆಯೇ? ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ, ನನ್ನದಕ್ಕೆ ಒಂದೇ ಎಂಬುದು ಹೊಳೆಯಲಿಲ್ಲ. ಆ ಪಾಠದಲ್ಲಿ ಇನ್ನೊಂದು ದೊಡ್ಡ ಭಾಗವಿತ್ತು. ಅದನ್ನು ಮರೆತದ್ದೇ ನನ್ನ ಸೋಲಿನ ಬೇರು, ಆ ಮಾತಿಗೆ ಆಮೇಲೆ ಬರುತ್ತೇನೆ.

ಯುಗಾದಿ ಕಳೆದ ಮೇಲೆ ಶುರುಮಾಡಿದೆ. ಡೇರಿಯ ಗೋಡೆಗೆ, ಬಟವಾಡೆ ದಿನಗಳ ಪಟ್ಟಿಯ ಪಕ್ಕದಲ್ಲೇ ನನ್ನ ಊಟದ ವೇಳಾಪಟ್ಟಿ ಅಂಟಿಸಿದೆ. ಬೆಳಗ್ಗೆ 6ಕ್ಕೆ ಚಹಾ, ಮೂರು ಬಿಸ್ಕತ್ತು, ನೆನೆಸಿದ ಬಾದಾಮಿ. ಹಾಲಿನ ಕೆಲಸ ಮುಗಿಸಿ 8.30ಕ್ಕೆ ಎರಡೇ ದೋಸೆ. 11ಕ್ಕೆ ಹಣ್ಣು. ಒಂದೂವರೆಗೆ ಊಟ, ಅದರಲ್ಲಿ ಮುದ್ದೆ ಅರ್ಧ ಮಾತ್ರ. ನಾಲ್ಕೂವರೆಗೆ ಹುರಿದ ಕಡ್ಲೆಬೀಜ. ರಾತ್ರಿ ಮುದ್ದೆಯ ಬದಲು ಚಪಾತಿ. ರಾತ್ರಿಯದು ಬಿಟ್ಟು ಪ್ರತಿ ಸಲಕ್ಕೂ ಜೊತೆಗೊಂದು ಚಹಾ, ಡೇರಿಯಲ್ಲಿ ಹಾಲಿಗೆ ಬರವೇ? ಮಲಗುವ ಮುಂಚೆ ಒಂದು ಬಾಳೆಹಣ್ಣು, ಅದು ಪಟ್ಟಿಯಲ್ಲಿ ಇರಲಿಲ್ಲ, ಲೆಕ್ಕಕ್ಕೂ ಇರಲಿಲ್ಲ.

ಮನೆಯವಳು ಬೇಸರಪಟ್ಟುಕೊಂಡಳು. "ಅರ್ಧ ಮುದ್ದೆ ಯಾವ ಲೆಕ್ಕರೀ, ಉಳಿದರ್ಧ ನಾನು ಯಾರಿಗೆ ಹಾಕ್ಲಿ?" ಎಂದಳು. ನಾನು ಜಿಮ್ಮಿನ ಹುಡುಗನ ಒಲೆ ಸೌದೆಯ ಕಥೆ ಹೇಳಿದೆ. "ಒಲೆ ಮುಂದೆ ಇರೋಳು ನಾನು. ಸೌದೆ ಹಾಕ್ತಾನೇ ಇದ್ರೆ ಸೌದೆ ಖರ್ಚಾಗುತ್ತೆ ಅಷ್ಟೇ" ಅಂದುಬಿಟ್ಟಳು.

ಆಗ ಹಲಸಿನ ಕಾಲ ಬಂತು. ತೂಬಗೆರೆ ಕಡೆಯ ಹಲಸು ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬದುವಿನ ಮೇಲೆ ಅಜ್ಜ ಮುತ್ತಜ್ಜರ ಕಾಲದ ಮರಗಳು, ಒಂದು ಮರದ ಹಣ್ಣಿನಂತೆ ಇನ್ನೊಂದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯ ವಿಜ್ಞಾನಿಗಳು ಬಂದು ಒಳ್ಳೆಯ ಮರಗಳನ್ನು ಗುರುತು ಮಾಡಿದ್ದಾರೆ, ಬೆಳೆಗಾರರ ಸಂಘವೂ ಇದೆ. ಸೀಸನ್ನಿನಲ್ಲಿ ದೊಡ್ಡಬಳ್ಳಾಪುರದ ರಸ್ತೆ ಬದಿಯಲ್ಲಿ ಹಣ್ಣಿನ ರಾಶಿ, ಅದರ ವಾಸನೆಗೆ ಬೈಕು ತಾನೇ ನಿಧಾನವಾಗುತ್ತದೆ. ನನ್ನ 11 ಗಂಟೆಯ "ಹಣ್ಣು" ಹಲಸಾಯಿತು. ಹಾಲು ಹಾಕುವವರು ತಂದುಕೊಡುತ್ತಿದ್ದರು. ಕೆಂಪು ತೊಳೆಯ ಹಣ್ಣು ಕೊಟ್ಟವರ ಹಾಲಿಗೆ ಪಾಯಿಂಟ್ ಬಿಟ್ಟೆನೆಂದು ಯಾರೂ ತಿಳಿಯಬಾರದು, ತಿಂದೆ ಅಷ್ಟೇ. ಹತ್ತು ಹನ್ನೆರಡು ತೊಳೆ, ಒಂದೂವರೆ ಗಂಟೆಗೆ ಊಟವನ್ನೂ ಮಾಡುತ್ತಿದ್ದೆ.

"ಹಸಿದು ಹಲಸು, ಉಂಡು ಮಾವು" ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದನ್ನು ನಾನು ಜೀರ್ಣದ ಮಾತು ಎಂದುಕೊಂಡಿದ್ದೆ. ಹಸಿದಾಗ ಹಲಸು ತಿಂದರೆ ಊಟದ ಜಾಗವನ್ನು ಹಲಸೇ ಹಿಡಿಯುತ್ತದೆ, ಅಂದರೆ ಅದು ಊಟ. ಮಾವು ಊಟದ ಮೇಲಿನ ಒಂದು ಹೋಳು. ನಾನು ಊಟವನ್ನು ಊಟಗಳ ನಡುವೆ ತಿನ್ನುತ್ತಿದ್ದೆ.

ಇನ್ನೊಂದು ಸಂಗತಿ ನಿಧಾನವಾಗಿ ಗಮನಕ್ಕೆ ಬಂತು. ಆ ತಿಂಗಳುಗಳಲ್ಲಿ ನನಗೆ ಹಸಿವೇ ಆಗಲಿಲ್ಲ, ಹೊಟ್ಟೆ ತುಂಬಿತು ಎಂದೂ ಅನ್ನಿಸಲಿಲ್ಲ. ತೇಗು ಬರದೆ ಎದ್ದು ಕೈತೊಳೆಯುವುದು ಅಭ್ಯಾಸವಾಯಿತು. ಅರ್ಧ ಮುದ್ದೆ ಮುಗಿದ ಕೂಡಲೇ ನಾಲ್ಕೂವರೆಯ ಕಡ್ಲೆಬೀಜ ನೆನಪಾಗುತ್ತಿತ್ತು. ದಿನವಿಡೀ ತಲೆಯೊಳಗೆ ಗಡಿಯಾರ, ಗಡಿಯಾರದ ಮುಳ್ಳಿಗೆ ತಿಂಡಿ. ಸಂಜೆ ಹಾಲಿಗೆ ಬರುವ ಒಬ್ಬ ಅಜ್ಜಿ ಇದ್ದಾರೆ, ಎರಡು ಲೀಟರ್ ಹಾಲಿಗೆ ಹತ್ತು ಲೀಟರ್ ಮಾತು. ಒಂದು ದಿನ ನನ್ನ ಬಾಯನ್ನೇ ನೋಡುತ್ತಾ ನಿಂತು, "ಏನ್ ಸೆಕ್ರೆಟ್ರಿ, ನಮ್ ಗೌರಿ ಹಂಗೆ ಯಾವಾಗ್ಲೂ ಬಾಯಾಡಿಸ್ತಾನೇ ಇರ್ತೀಯಲ್ಲಪ್ಪ. ಅದು ಹಾಲಾದ್ರೂ ಕೊಡುತ್ತೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಲ್ಲಿ ಕಡ್ಲೆಬೀಜ ಇಟ್ಟುಕೊಂಡೇ.

ಐದು ತಿಂಗಳ ಮೇಲೆ ಮೂಟೆಯ ತಕ್ಕಡಿ 83 ತೋರಿಸಿತು. ತಕ್ಕಡಿಯೇ ಕೆಟ್ಟಿರಬೇಕೆಂದು 50 ಕೆ.ಜಿ.ಯ ಪಶು ಆಹಾರದ ಚೀಲ ಇಟ್ಟು ನೋಡಿದೆ. ಚೀಲ ಸರಿಯಾಗಿತ್ತು.

ಮಗಳು ಆಗ ಜಿಕೆವಿಕೆಯಲ್ಲಿ ಓದುತ್ತಿದ್ದಳು. ಭಾನುವಾರ ಮನೆಗೆ ಬಂದಾಗ ನನ್ನ ಗೋಳು ಕೇಳಿ, "ಅಪ್ಪ, ನಾಳೆ ಒಂದು ದಿನ ನೀವು ತಿನ್ನೋದೆಲ್ಲ ತೂಕ ಮಾಡಿ ಬರೀತೀನಿ, ನೀವು ಎಂದಿನ ಹಾಗೇ ತಿನ್ನಿ" ಎಂದಳು. ಅಡುಗೆಯ ಪುಟ್ಟ ತಕ್ಕಡಿ ತಂದಿದ್ದಳು. ಫ್ಯಾಟ್ ಬರೆಯುವ ಹಳೆಯ ರಿಜಿಸ್ಟರಿನ ಹಾಳೆಯಲ್ಲೇ ಬರೆದಳು. ನನಗೆ ಹಾಲು ತಂದು ಸರದಿಯಲ್ಲಿ ನಿಂತವನ ಅನುಭವವಾಯಿತು.

ಕಡ್ಲೆಬೀಜದ ಹತ್ತಿರ ಅವಳ ಪೆನ್ನು ನಿಂತಿತು. ನಾನು "ಎರಡು ಹಿಡಿ" ಎನ್ನುತ್ತಿದ್ದದ್ದು 60 ಗ್ರಾಂ. 100 ಗ್ರಾಂ ಕಡ್ಲೆಬೀಜದಲ್ಲಿ 550ರ ಆಸುಪಾಸಿನ ಕ್ಯಾಲರಿ ಇರುತ್ತದೆ, ಅರ್ಧದಷ್ಟು ಎಣ್ಣೆಯೇ ಅಲ್ಲವೇ? ಅಂದರೆ ಆ ಎರಡು ಹಿಡಿಗೆ 330. 100 ಗ್ರಾಂ ರಾಗಿಹಿಟ್ಟಿಗೆ 320ರಷ್ಟು. ನಮ್ಮ ಮನೆಯ ಒಂದು ಮುದ್ದೆಗೆ ಹೆಚ್ಚು ಕಡಿಮೆ ಅಷ್ಟೇ ಹಿಟ್ಟು ಹೋಗುತ್ತದೆ. ಮಧ್ಯಾಹ್ನ ಅರ್ಧ ಮುದ್ದೆ ಬಿಟ್ಟು ತ್ಯಾಗಮೂರ್ತಿಯಾದ ನಾನು ಸಂಜೆ ಮಾತಾಡುತ್ತಾ ಮಾತಾಡುತ್ತಾ ಪೂರ್ತಿ ಒಂದು ಮುದ್ದೆ ತಿಂದಿದ್ದೆ, ಅದೂ ಸಾರಿಲ್ಲದೆ, ನೀರಿಲ್ಲದೆ. ಮುದ್ದೆಯಾದರೆ ತನ್ನ ಹಿಟ್ಟಿನ ಒಂದೂವರೆ ಎರಡರಷ್ಟು ನೀರು ಹೀರಿ ದಪ್ಪಗಾಗಿರುತ್ತದೆ, ಬಸ್ಸಾರಿನ ಜೊತೆ ಹೊಟ್ಟೆಯ ಜಾಗ ಹಿಡಿಯುತ್ತದೆ. ಕಡ್ಲೆಬೀಜ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಹಲಸಿನ ತೊಳೆ ಬೀಜ ಬಿಟ್ಟು 300 ಗ್ರಾಂ, ನೂರಕ್ಕೆ 90ರಂತೆ 270. ಹಾಲು ಸಕ್ಕರೆ ಸೇರಿ ಐದು ಚಹಾಗಳದ್ದೇ 500 ದಾಟಿತು. ದಿನದ ಕೊನೆಗೆ ಗೀಟೆಳೆದು ಕೂಡಿದಾಗ 2,600ಕ್ಕಿಂತ ಮೇಲೆ. ಕೂತು ಕೆಲಸ ಮಾಡುವ 65 ಕೆ.ಜಿ.ಯ ಗಂಡಸಿಗೆ ದಿನಕ್ಕೆ 2,110 ಕ್ಯಾಲರಿ ಸಾಕೆಂದು ಐಸಿಎಂಆರ್ 2020ರಲ್ಲಿ ಹೇಳಿದೆ. ನನ್ನ ತೂಕಕ್ಕೆ ಸ್ವಲ್ಪ ಹೆಚ್ಚು ಬೇಕಾಗಬಹುದು, ಆದರೆ ಇಳಿಸಬೇಕೆಂದು ಹೊರಟವನು ನಾನು!

"ಮತ್ತೆ ಆ ಒಲೆ?" ಎಂದೆ, ಸೋಲೊಪ್ಪದೆ.

"ತಿಂದಿದ್ದನ್ನ ಅರಗಿಸೋಕೆ ದೇಹ ಸುಡೋದು ತಿಂದಿದ್ದರಲ್ಲಿ ಹತ್ತರಲ್ಲೊಂದು ಪಾಲು, ಅಪ್ಪ. 2,000 ತಿಂದ್ರೆ 200. ಮೂರು ಸಲ ತಿಂದ್ರೂ 200, ಆರು ಸಲ ತಿಂದ್ರೂ 200. ಒಂದು ಕ್ಯಾನ್ ಹಾಲನ್ನ ಆರು ಚೊಂಬಿಗೆ ಹಂಚಿದ್ರೆ ಫ್ಯಾಟ್ ಜಾಸ್ತಿ ಬರುತ್ತಾ?"

ಬರುವುದಿಲ್ಲ. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಹೋಬಳಿಯಲ್ಲಿ ಯಾರಿದ್ದಾರೆ?

ಕೆನಡಾದಲ್ಲಿ ಈ ಪ್ರಶ್ನೆಯನ್ನೇ ಪರೀಕ್ಷೆಗೆ ಒಡ್ಡಿದ್ದನ್ನು ಅವಳೇ ಹೇಳಿದಳು. 2010ರಲ್ಲಿ ಪ್ರಕಟವಾದದ್ದು. ದಪ್ಪಗಿದ್ದ ಕೆಲವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೂರು ಊಟ, ಇನ್ನೊಂದಕ್ಕೆ ಮೂರು ಊಟದ ಜೊತೆ ಮೂರು ಸಣ್ಣ ತಿಂಡಿ ಕೊಟ್ಟರು. ಎರಡೂ ಗುಂಪಿಗೆ ಒಟ್ಟು ಆಹಾರದಲ್ಲಿ ಒಂದೇ ಸಮ ಕಡಿತ. ಎಂಟು ವಾರದ ಮೇಲೆ ಇಳಿದ ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ಇನ್ನೊಂದು ನ್ಯೂಯಾರ್ಕಿನದು, 1992ರದು. ದಿನಕ್ಕೆ 1,200 ಕ್ಯಾಲರಿಗಿಂತ ಕಡಿಮೆ ತಿನ್ನುತ್ತೇವೆ, ಆದರೂ ತೂಕ ಇಳಿಯುತ್ತಿಲ್ಲ ಎಂದು ಆಣೆಯಿಟ್ಟು ಹೇಳುತ್ತಿದ್ದ ಹತ್ತು ಜನರನ್ನು ಕರೆತಂದು, ಅವರ ದೇಹ ನಿಜವಾಗಿ ಎಷ್ಟು ಸುಡುತ್ತಿದೆ ಎಂದು ಅಳೆದರು. ದೇಹದಲ್ಲಿ ದೋಷವಿರಲಿಲ್ಲ. ತಿಂದದ್ದನ್ನು ಅವರು ಸರಾಸರಿ ನೂರಕ್ಕೆ 47 ಪಾಲು ಕಡಿಮೆ ಹೇಳಿದ್ದರು, ದುಡಿದದ್ದನ್ನು 51 ಪಾಲು ಹೆಚ್ಚು ಹೇಳಿದ್ದರು. ಅವರು ಸುಳ್ಳರಲ್ಲ. ನನ್ನ ಬಾಳೆಹಣ್ಣಿನ ಹಾಗೆ, ಬಾಯಾಡಿಸಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮುದ್ದೆಗೆ ಎಣಿಕೆಯಿದೆ, ಚಪಾತಿಗೆ ಎಣಿಕೆಯಿದೆ. "ಒಂಚೂರು", "ಒಂದು ಹಿಡಿ", "ರುಚಿಗೆ" ಎಂಬುದಕ್ಕೆ ಯಾವ ಯಂತ್ರವೂ ಪಾಯಿಂಟ್ ತೋರಿಸುವುದಿಲ್ಲ.

ಈಗ ಹಸುವಿನ ಪಾಠದ ಮರೆತ ಭಾಗ. ಪಶು ಆಹಾರ ಹಂಚಿ ಕೊಡಿ ಎನ್ನುವುದಕ್ಕೆ ಮುಂಚೆ ನಾವು ರೈತರಿಗೆ ಹೇಳುವುದು ಅಳತೆ: ಹಸುವಿನ ಮೈಗೆ ಒಂದೂವರೆಯಿಂದ ಎರಡು ಕೆ.ಜಿ., ಆಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಮೊದಲು ಒಟ್ಟು ಎಷ್ಟು ಎಂದು ತೂಗಿ ಬಕೆಟ್ಟಿಗೆ ಹಾಕಿಕೊಳ್ಳಿ, ಆ ಬಕೆಟ್ಟಿನಿಂದಲೇ ಮೂರು ಸಲ ಕೊಡಿ. ನಾನು ಬಕೆಟ್ಟನ್ನು ಮರೆತು ಮೂರು ಸಲವನ್ನು ಆರು ಮಾಡಿಕೊಂಡಿದ್ದೆ. ನನ್ನ ಸಂಘದ ಅತ್ಯಂತ ದಡ್ಡ ರೈತನೂ ಮಾಡದ ತಪ್ಪು ಅದು, ಹಿಂಡಿಯ ರೇಟು ಗೊತ್ತಿರುವವನು ಹಾಗೆ ಮಾಡಲಾರ.

ಇಲ್ಲಿಗೆ ಬುದ್ಧಿ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ.

ಆ ಸಲ ಮನೆಗೆ ಬಂದಾಗಲೇ ಮಗಳು ಇನ್ನೊಂದು ವಿಷಯ ಹೇಳಿದ್ದಳು. 2014ರಲ್ಲಿ ಪ್ರಕಟವಾದದ್ದು. ಪ್ರಾಗ್ ನಗರದಲ್ಲಿ, ಸಕ್ಕರೆ ಕಾಯಿಲೆಯ 54 ಜನರಿಗೆ 12 ವಾರ ಆರು ಸಣ್ಣ ಊಟ, 12 ವಾರ ಎರಡೇ ದೊಡ್ಡ ಊಟ ಕೊಟ್ಟು ನೋಡಿದರು. ಒಟ್ಟು ಆಹಾರ ಎರಡರಲ್ಲೂ ಒಂದೇ. ಆರು ಊಟದಲ್ಲಿ ಸರಾಸರಿ 2.3 ಕೆ.ಜಿ. ಇಳಿದರೆ ಎರಡು ಊಟದಲ್ಲಿ 3.7 ಇಳಿಯಿತು. ನನ್ನ ಕಿವಿಗೆ ಬಿದ್ದದ್ದು "ಎರಡೇ ಊಟ" ಎಂಬ ಎರಡು ಪದ. ಆ ಎರಡು ಊಟ ಬೆಳಗಿನದು ಮತ್ತು ಮಧ್ಯಾಹ್ನದ್ದು, ರಾತ್ರಿಯದಲ್ಲ. ಅಳೆದು ಕೊಟ್ಟದ್ದು, ವೈದ್ಯರ ಕಣ್ಣೆದುರಿಗೆ ನಡೆದದ್ದು. ಇವೆಲ್ಲ ನನ್ನ ಇನ್ನೊಂದು ಕಿವಿಯಿಂದ ಹೊರಗೆ ಹೋದವು.

ಎರಡಕ್ಕಿಂತ ಒಂದು ಇನ್ನೂ ಮೇಲಲ್ಲವೇ? "ಒಪ್ಪೊತ್ತು ಉಂಡವ ಯೋಗಿ, ಎರಡ್ಹೊತ್ತು ಉಂಡವ ಭೋಗಿ, ಮೂರ್ಹೊತ್ತು ಉಂಡವ ರೋಗಿ" ಎಂಬುದು ಹೇಗೂ ನಾಲಿಗೆಯ ತುದಿಯಲ್ಲಿತ್ತು. ದೀಪಾವಳಿ ಮುಗಿದ ಮಾರನೆಯ ದಿನ ಯೋಗಿಯಾದೆ. ಹಗಲೆಲ್ಲ ಚಹಾ, ನೀರು, ರಾತ್ರಿ ಎಂಟಕ್ಕೆ ಒಂದೇ ಊಟ.

ಮೊದಲ ಆರು ವಾರದಲ್ಲಿ 4 ಕೆ.ಜಿ. ಇಳಿದದ್ದು ನಿಜ. ಅದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಆದರೆ ಜೊತೆಗೇ ಇಳಿದದ್ದು ನನ್ನ ತಾಳ್ಮೆ. ಬೆಳಗಿನ ಸರದಿಯಲ್ಲಿ ಯಾರು ಮಾತಾಡಿದರೂ ಸಿಡುಕುತ್ತಿದ್ದೆ. ಒಂದು ಬಟವಾಡೆಯಲ್ಲಿ ಒಬ್ಬರ ಲೀಟರು ಇನ್ನೊಬ್ಬರ ಕಾಲಮ್ಮಿಗೆ ಬರೆದೆ, 19 ವರ್ಷದಲ್ಲಿ ಮೊದಲ ಸಲ. ತಪ್ಪು ತೋರಿಸಿದವನ ಮೇಲೆಯೇ ಕೂಗಾಡಿದೆ. ರಾತ್ರಿಯ ಒಂದು ಊಟ ಎರಡು ಮುದ್ದೆಯಿಂದ ಮೂರಕ್ಕೆ ಹೋಯಿತು, ಮೇಲೆ ಅನ್ನ. ಅದು ಅವರೆಕಾಯಿಯ ಕಾಲ ಬೇರೆ, ಹಿತಕವರೆ ಸಾರಿನ ಮುಂದೆ ಯೋಗಿಗಳ ಮಾತು ನಡೆಯುವುದಿಲ್ಲ. ಉಂಡು ಅರ್ಧ ಗಂಟೆಗೆ ಮಲಗಿದರೆ ಎದೆಯುರಿ.

ಅಷ್ಟು ಹೊತ್ತಿಗೆ ಘಾಟಿ ಜಾತ್ರೆ ಬಂತು. ನಮ್ಮ ಕಡೆ ದನದ ಜಾತ್ರೆಯೆಂದರೆ ಘಾಟಿ ಸುಬ್ರಹ್ಮಣ್ಯದ್ದೇ. ಬಯಲ ತುಂಬಾ ಹಳ್ಳಿಕಾರ್ ಜೋಡಿಗಳು, ಕೊಂಬಿಗೆ ಬಣ್ಣ, ಮೈಗೆ ಝೂಲು, ಕೆಲವು ಜೋಡಿಗೆ ಶಾಮಿಯಾನವೂ ಉಂಟು. ಎತ್ತಿನ ಹಲ್ಲು ಎಣಿಸಿ, ಟವೆಲ್ಲಿನ ಕೆಳಗೆ ಕೈಯಿಟ್ಟು ವ್ಯಾಪಾರ ಮಾಡುವವರ ನಡುವೆ ನಾನು ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಸುತ್ತಿದೆ. ಮೂರು ಗಂಟೆಗೆ ಮೆಣಸಿನಕಾಯಿ ಬೊಂಡದ ಬಾಂಡಲಿಯ ಮುಂದೆ ನಿಂತದ್ದು ನೆನಪಿದೆ. ಎಷ್ಟು ತಿಂದೆನೆಂದು ನೆನಪಿಲ್ಲ. ಆಮೇಲೆ ಜಿಲೇಬಿ, ಆಮೇಲೆ ಯಾರದೋ ಶಾಮಿಯಾನದಲ್ಲಿ ಅನ್ನ ಸಾಂಬಾರು. ರಾತ್ರಿ ಮನೆಗೆ ಬಂದು, "ಒಪ್ಪೊತ್ತಿನ ಊಟ ಇನ್ನೂ ಬಾಕಿ ಇದೆ" ಎಂದು ಮತ್ತೆ ಕೂತೆ. ಅಂದಿನಿಂದ ಯೋಗ ಕೆಟ್ಟಿತು. ಹಗಲು ಉಪವಾಸ ಇದ್ದೆನಲ್ಲ ಎಂಬ ನೆಪ ರಾತ್ರಿಗೆ, ರಾತ್ರಿ ತಿಂದೆನಲ್ಲ ಎಂಬ ಶಿಕ್ಷೆ ಹಗಲಿಗೆ. ಸಂಕ್ರಾಂತಿಯ ಹೊತ್ತಿಗೆ ಇಳಿದ ನಾಲ್ಕರಲ್ಲಿ ಮೂರು ವಾಪಸ್ ಬಂದು ಕೂತಿದ್ದವು.

ಆದರೆ ಅದಕ್ಕೆ ಮುಂಚೆ, 79ಕ್ಕೆ ಇಳಿದು ಪ್ಯಾಂಟು ಸಡಿಲವಾಗಿದ್ದ ದಿನಗಳಲ್ಲಿ, ಅಕ್ಕ ಒಮ್ಮೆ ತವರಿಗೆ ಬಂದಿದ್ದಳು. ನನ್ನನ್ನು ನೋಡಿ "ಇಳಿದಿದ್ದೀಯಲ್ಲೋ!" ಎಂದಳು. ಅವಳಿಗೂ ತೂಕ ಇತ್ತು, ಐದಾರು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆಯೂ ಇತ್ತು. ನಾನು ಕುರ್ಚಿ ಎಳೆದುಕೊಂಡು ಯೋಗಿ ಭೋಗಿಯ ಉಪನ್ಯಾಸ ಕೊಟ್ಟೆ. ಪ್ರಾಗ್ ನಗರದ ಹೆಸರನ್ನೂ ಹೇಳಿದೆ, "ಸಕ್ಕರೆ ಕಾಯಿಲೆಯವರಿಗೇ ಮಾಡಿ ನೋಡಿದ್ದಾರೆ ಅಕ್ಕ" ಎಂದು. ನನ್ನ ಮಾತಿಗೆ ಅವಳು ಚಿಕ್ಕಂದಿನಿಂದಲೂ ಬೆಲೆ ಕೊಡುವವಳು, ನಾನು ಓದಿದವನು ಎಂದು.

ನಾಲ್ಕನೇ ದಿನ ಮಧ್ಯಾಹ್ನ ಭಾವ ಫೋನ್ ಮಾಡಿದರು. ಬೆಳಗಿನ ಮಾತ್ರೆ ನುಂಗಿ, ತಿಂಡಿ ಬಿಟ್ಟು ಮಗ್ಗದ ಮುಂದೆ ಕೂತವಳು ಹನ್ನೊಂದೂವರೆಗೆ ಬೆವರಿನಲ್ಲಿ ತೊಯ್ದು ಹೋಗಿದ್ದಳಂತೆ. ಕೈ ನಡುಗುತ್ತಿತ್ತು, ಕೇಳಿದ್ದಕ್ಕೆ ಏನೇನೋ ಉತ್ತರ. ಪಕ್ಕದ ಮಗ್ಗದಲ್ಲಿದ್ದ ಹೆಣ್ಣುಮಗಳೊಬ್ಬಳು, ಅವಳ ತಾಯಿಗೂ ಹೀಗಾಗಿದ್ದರಿಂದ ಗೊತ್ತಿದ್ದವಳು, ನುಂಗುವಷ್ಟು ಎಚ್ಚರ ಇದ್ದದ್ದನ್ನು ನೋಡಿಕೊಂಡು ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದ್ದಳು. ಆಸ್ಪತ್ರೆಗೆ ಹೋಗಿ ನೋಡಿದಾಗಲೂ ಸಕ್ಕರೆ 58. 70ಕ್ಕಿಂತ ಕೆಳಗೆ ಇಳಿದರೆ ಅಪಾಯ ಶುರು. ಅವಳು ತೆಗೆದುಕೊಳ್ಳುತ್ತಿದ್ದದ್ದು ಗ್ಲಿಮೆಪಿರೈಡ್ ಇದ್ದ ಮಾತ್ರೆ. ಆ ಮಾತ್ರೆ, ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ಎಂದು ಕೇಳುವುದಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಅಂಥ ಮಾತ್ರೆಯವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಊಟ ಬಿಡುವುದಾದರೆ ಮೊದಲು ಮಾತ್ರೆಯ ಅಳತೆ ಬದಲಾಗಬೇಕು, ಅದು ಡಾಕ್ಟರರ ಕೆಲಸ. ಪ್ರಾಗ್‌ನವರ ಹತ್ತಿರ ಡಾಕ್ಟರ್ ಇದ್ದರು. ಅಕ್ಕನ ಹತ್ತಿರ ನಾನಿದ್ದೆ.

ನಾನು ಆಸ್ಪತ್ರೆ ತಲುಪಿದಾಗ ಡಾಕ್ಟರ್ ಅವಳ ಹಾಸಿಗೆಯ ಪಕ್ಕ ನಿಂತಿದ್ದರು. "ಊಟ ಬಿಡಿ ಅಂತ ಯಾರಮ್ಮ ಹೇಳಿದ್ದು ನಿಮಗೆ?" ಎಂದು ಗಟ್ಟಿಯಾಗಿಯೇ ಕೇಳುತ್ತಿದ್ದರು. ಅಕ್ಕ ಕಣ್ಣು ಮುಚ್ಚಿಕೊಂಡೇ, "ಯಾರೂ ಇಲ್ಲ ಸಾರ್, ನಾನೇ" ಎಂದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾಯಿ ಬಿಡಲಿಲ್ಲ. ಭಾವನವರು ನನ್ನ ಕೈ ಹಿಡಿದು, "ಬಿಸಿಲಲ್ಲಿ ಬಂದಿದ್ದೀಯ, ಏನಾದ್ರೂ ತಿಂದ್ಯಾ?" ಎಂದರು.

ಆಮೇಲಿನದು ಬೇಗ ಹೇಳಬಹುದು. ಜಾತ್ರೆ, ಸಂಕ್ರಾಂತಿ ಎಲ್ಲ ಕಳೆದು ಮತ್ತೆ 82ಕ್ಕೆ ನಿಂತಾಗ, ಡಾಕ್ಟರಮ್ಮನ ಆ ಸಣ್ಣ ಮಾತಿಗೆ ವಾಪಸ್ ಹೋದೆ. ಮಗಳ ತಕ್ಕಡಿಯನ್ನು ಎರಡು ವಾರ ಅಡುಗೆಮನೆಯಲ್ಲಿ ಇಟ್ಟುಕೊಂಡೆ, ಕಣ್ಣಿಗೆ ಅಂದಾಜು ಸಿಕ್ಕ ಮೇಲೆ ತೆಗೆದಿಟ್ಟೆ. ಈಗ ಹಾಲಿನ ಕೆಲಸ ಮುಗಿದ ಮೇಲೆ ಒಂಬತ್ತಕ್ಕೆ ತಿಂಡಿ. ಎರಡಕ್ಕೆ ಒಂದು ಮುದ್ದೆ, ಅರ್ಧವಲ್ಲ, ಪೂರ್ತಿ ಒಂದು, ಕಾಳೋ ಸೊಪ್ಪೋ ಹೆಚ್ಚಾಗಿರುವ ಸಾರಿನ ಜೊತೆ. ಸಂಜೆ ಹಾಲು ಮುಗಿಸಿ ಏಳೂವರೆಗೆ ಒಂದು ಚಿಕ್ಕ ಊಟ. ಚಹಾ ಐದರಿಂದ ಎರಡಕ್ಕೆ ಇಳಿಯಿತು, ಸಕ್ಕರೆ ಅರ್ಧ ಚಮಚ. ನಡುವೆ ಬಾಯಾಡಿಸುವುದಿಲ್ಲ. ಬೆಳಗ್ಗೆ ಕ್ಯಾನುಗಳು ಹೋದ ಮೇಲೆ ಕೆರೆ ಏರಿಯ ಮೇಲೆ ನಡಿಗೆ. 11 ತಿಂಗಳಲ್ಲಿ 82 ಹೋಗಿ 74 ಆಯಿತು, ಎಚ್‌ಬಿಎ1ಸಿ 5.8. ಬಿಎಂಐ ಇನ್ನೂ 26, ಅಂದರೆ ನಮ್ಮ ಗೆರೆಯ ಪ್ರಕಾರ ನಾನು ಇನ್ನೂ ಆ ಕಡೆಯೇ ಇದ್ದೇನೆ.

ಮೂರು ಎಂಬ ಸಂಖ್ಯೆಯಲ್ಲಿ ಮಂತ್ರವಿದೆ ಎಂದು ಯಾರಾದರೂ ತಿಳಿದರೆ ನಾನು ಮತ್ತೆ ಕೆಟ್ಟಂತೆ. ಆರು ಸಲ ಅಳೆದು ತಿಂದು ಇಳಿದವರನ್ನು ನೋಡಿದ್ದೇನೆ, ಎರಡೇ ಊಟದಲ್ಲಿ ಸುಖವಾಗಿರುವವರನ್ನೂ ನೋಡಿದ್ದೇನೆ. ನನಗೆ ಮೂರು ಒಗ್ಗಿದ್ದು ಬೇರೆ ಕಾರಣಕ್ಕೆ: ಕಾಯಬೇಕಾದ ತಟ್ಟೆ ಮೂರೇ, ಮತ್ತು ಮೂರಕ್ಕೂ ಮುಂಚೆ ಹಸಿವಾಗುತ್ತದೆ. ಎರಡು ಗಂಟೆಗೆ ಮುದ್ದೆ ಮುರಿಯುವಾಗ ಈಗ ಬಾಯಲ್ಲಿ ನೀರೂರುತ್ತದೆ. ವರ್ಷಗಟ್ಟಲೆ ಅದು ಊರಿರಲಿಲ್ಲ. ರಾಗಿಯಿಂದ ತೂಕ ಇಳಿಯುತ್ತದಂತೆ ಎಂದು ಬೆಂಗಳೂರಿನವರು ನಮ್ಮೂರಿಗೆ ಬಂದು ಹಿಟ್ಟು ಕೊಂಡೊಯ್ಯುತ್ತಾರೆ. ನೂರು ಗ್ರಾಂ ರಾಗಿಗೂ ನೂರು ಗ್ರಾಂ ಅಕ್ಕಿಗೂ ಕ್ಯಾಲರಿಯಲ್ಲಿ ಅಂಥ ಅಂತರವಿಲ್ಲ, ಮೂರು ಮುದ್ದೆ ನುಂಗಿ ನಾನೇ ತೋರಿಸಿದ್ದೇನಲ್ಲ.

ಕಳೆದ ಜೂನ್‌ನಲ್ಲಿ ನಮ್ಮ ಬದುವಿನ ಮರದ ಒಂದು ಹಲಸನ್ನು ಬೈಕಿಗೆ ಕಟ್ಟಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆ. ಅಕ್ಕ ಆರೋಗ್ಯವಾಗಿದ್ದಾಳೆ, ಡಾಕ್ಟರ್ ಅವಳ ಮಾತ್ರೆ ಬದಲಿಸಿದ್ದಾರೆ. ಮಗ್ಗ ನಿಲ್ಲಿಸಿ ಬಂದು, ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಹಣ್ಣು ಸೀಳಲು ಕೂತಳು. ನಾನು ಎದುರಿಗೆ ಕೂತು ತೊಳೆ ಬಿಡಿಸುತ್ತಾ, ಒಂದೂವರೆ ವರ್ಷದಿಂದ ಹೇಳದಿದ್ದ ಮಾತು ಹೇಳಿದೆ. ಅವತ್ತು ಡಾಕ್ಟರ್ ಕೇಳಿದಾಗ ನಾನು ಬಾಗಿಲಲ್ಲೇ ಇದ್ದೆ, ಅಕ್ಕ.

ಅವಳು ತಲೆ ಎತ್ತಲಿಲ್ಲ. "ಗೊತ್ತು. ನಿನ್ನ ಚಪ್ಪಲಿ ಸದ್ದು ನಂಗೆ ಗೊತ್ತಾಗಲ್ವಾ?" ಎಂದಳು. ತೊಳೆಗಳನ್ನು ಎರಡು ತಟ್ಟೆಗೆ ಎಣಿಸಿ ಹಾಕಿದಳು, ನನಗೆ ಐದು, ತನಗೆ ಮೂರು. ಮಿಕ್ಕಿದ್ದನ್ನು ಮುಚ್ಚಿ ಮಗ್ಗದ ಕೆಲಸದವರಿಗೆ ಎತ್ತಿಟ್ಟಳು.

"ಊಟ ಮಾಡ್ಕೊಂಡು ಬಂದಿದ್ದೀಯೋ, ಹಸಿದಿದ್ದೀಯೋ?"

"ಹಸಿದಿದ್ದೀನಿ" ಎಂದೆ.

"ಹಂಗಾದ್ರೆ ಇನ್ನೆರಡು ತಗೋ. ಊಟಕ್ಕೆ ಇಡಲ್ಲ" ಎಂದು, ಮೇಣ ಮೆತ್ತಿದ ಕೈಯಿಂದಲೇ ನನ್ನ ತಟ್ಟೆಗೆ ಹಾಕಿದಳು.